ಸೋಲಾರ್ ಮೇಲಿನ ಹಪ್ಪಳ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಓಣಿಯ ಮೂಲೆಯಲ್ಲಿದ್ದ ಟ್ರಾನ್ಸ್‌ಫಾರ್ಮರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಾಳುಗಳಿದ್ದ ಕಾಲದಲ್ಲಿ ಕೂರಿಸಿದ್ದು ಅದು. ಚಾಳುಗಳು ಬಿದ್ದು ಬಿಲ್ಡಿಂಗುಗಳು ಎದ್ದವು, ಮನೆಮನೆಗೂ ಎಸಿ ಬಂತು, ಅದು ಮಾತ್ರ ಬದಲಾಗಲಿಲ್ಲ. ಮೇ ತಿಂಗಳಲ್ಲಿ ದಿನ ಬಿಟ್ಟು ದಿನ ಢಂ ಎನ್ನುತ್ತಿತ್ತು. ಅದು ಸುಮ್ಮನಿದ್ದ ವಾರ, ಶುಕ್ರವಾರ ದುರಸ್ತಿಯ ಹೆಸರಿನಲ್ಲಿ ಕರೆಂಟು ತೆಗೆಯುತ್ತಿದ್ದರು. ಅಷ್ಟು ವರ್ಷ ಏನು ದುರಸ್ತಿ ಮಾಡಿದರೋ ದೇವರೇ ಬಲ್ಲ.

ಬೇರೆಯವರಿಗೆ ಕರೆಂಟು ಹೋದರೆ ಸೆಕೆ, ಅಷ್ಟೆ. ನಮ್ಮ ಮನೆಯಲ್ಲಿ ಮಾವನ ಉಸಿರಿನ ಪ್ರಶ್ನೆ. ಠಾಣೆಯ ಹೋಟೆಲೊಂದರ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದು ಅವರ ಶ್ವಾಸಕೋಶ ಕೆಟ್ಟಿತ್ತು. ಹಾಸಿಗೆಯ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್, ಮೂಗಿಗೆ ನಳಿಕೆ. ಕರೆಂಟು ಹೋದರೆ ಮೆಷಿನ್ ಬಂದ್. ಆಪತ್ತಿಗೆಂದು ಒಂದು ಸಣ್ಣ ಸಿಲಿಂಡರ್ ಇತ್ತು, ಅದು ಹೆಚ್ಚು ಹೊತ್ತು ಬಾಳುತ್ತಿರಲಿಲ್ಲ.

ಟೆರೇಸಿನ ಮೇಲೆ ಸೋಲಾರ್ ಹಾಕಿಸೋಣ, ಬ್ಯಾಟರಿ ಇಡಿಸೋಣ ಎಂದು ನಾನು ಸೊಸೈಟಿಯ ಮೀಟಿಂಗುಗಳಲ್ಲಿ ಗಂಟಲು ಹರಿದುಕೊಂಡೆ. ಹಗಲು ಹೊತ್ತಿನ ನಮ್ಮ ಹೊರೆಯಾದರೂ ಆ ಮುದಿ ಟ್ರಾನ್ಸ್‌ಫಾರ್ಮರಿನ ಮೇಲಿಂದ ಇಳಿಯುತ್ತದೆ ಎಂದೆ. ಸೆಕ್ರೆಟರಿ ಚಹಾದಲ್ಲಿ ಬಿಸ್ಕತ್ತು ಅದ್ದುತ್ತ, "ಮ್ಯಾಡಮ್, ಲೈಟ್ ತೋ ಸಬ್ ಕೀ ಜಾತೀ ಹೈ" ಎನ್ನುತ್ತಿದ್ದರು. ಎಲ್ಲರ ಮನೆಯ ಲೈಟೂ ಹೋಗುತ್ತದೆ, ನಿಜ. ಎಲ್ಲರ ಮನೆಯಲ್ಲೂ ಉಸಿರು ಹೋಗುತ್ತದೆಯೇ? ಕೊನೆಗೆ ನನ್ನ ಕಾಟ ತಾಳಲಾರದೆ ಒಪ್ಪಿದರು. ನೀರಿನ ಪಂಪು, ಮೆಟ್ಟಿಲ ದೀಪ, ಜೊತೆಗೆ ಮಾವನ ಮೆಷಿನ್ನಿಗೆಂದು ನಮ್ಮ ಮನೆಯ ಒಂದು ಪ್ಲಗ್ಗು, ಇಷ್ಟನ್ನು ಬ್ಯಾಟರಿಗೆ ಜೋಡಿಸಿದರು.

ಚಳಿಗಾಲವೆಲ್ಲ ಚೆನ್ನಾಗಿ ನಡೆಯಿತು. ಏಪ್ರಿಲ್ ಬಂದದ್ದೇ ಬ್ಯಾಟರಿ ತುಂಬುವುದು ನಿಂತಿತು. ಬಿಸಿಲು ನೆತ್ತಿ ಸುಡುತ್ತಿದೆ, ಬ್ಯಾಟರಿ ಅರ್ಧಕ್ಕೂ ಏರುತ್ತಿಲ್ಲ. ಮಹಾಪೆಯ ನನ್ನ ಆಫೀಸಿನಲ್ಲಿ ಕೂತು ಸೋಲಾರಿನವನಿಗೆ ದಿನವೂ ಫೋನ್ ಮಾಡಿ ಬೈದೆ. ಅವನು ಬಂದದ್ದು ಒಂದೇ ಸಲ, ಅದೂ ಸೂರ್ಯ ಮುಳುಗಿದ ಮೇಲೆ. ಟಾರ್ಚು ಬಿಟ್ಟು ನೋಡಿ, "ಪ್ಯಾನೆಲ್ ಏಕ್‌ದಮ್ ಓಕೆ" ಎಂದು ಹೋದ. ಸೂರ್ಯನಿಲ್ಲದ ಹೊತ್ತಿನಲ್ಲಿ ಸೋಲಾರ್ ಪರೀಕ್ಷೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಂದಿನ ಶುಕ್ರವಾರ ಹಗಲಿನಲ್ಲೇ ಬರುತ್ತೇನೆಂದು ಮಾತು ಕೊಟ್ಟ. ಅದಕ್ಕಾಗಿ ರಜೆ ಹಾಕಿದೆ. ಅವನ ಸುಳಿವಿಲ್ಲ, ಕರೆಂಟು ಮಾತ್ರ ತಪ್ಪದೆ ಹೋಯಿತು. ಮಾವನ ಮೆಷಿನ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದದ್ದು ಮಧ್ಯಾಹ್ನದ ಊಟಕ್ಕೆ ಮೊದಲೇ ಕೂಗಿಕೊಂಡು ನಿಂತುಬಿಟ್ಟಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡ ಎದ್ದು ಬಂದು ಸಿಲಿಂಡರ್ ತೆರೆದರು. ಎಲ್ಲಿ ತಂತಿ ಕಡಿದಿದೆಯೋ ನೋಡೋಣವೆಂದು ನಾನು ಟೆರೇಸಿಗೆ ಓಡಿದೆ.

ತಂತಿ ಕಡಿದಿರಲಿಲ್ಲ. ಪ್ಯಾನೆಲ್ಲೇ ಕಾಣುತ್ತಿರಲಿಲ್ಲ! ಮೇಲೆಲ್ಲ ಪಂಚೆ ಕಟ್ಟಿ ಹರಡಿದ ಹಲಸಿನ ಹಪ್ಪಳ. ಪಂಚೆ ಸಾಲದ ಕಡೆ ಗಾಜಿಗೇ ಎಣ್ಣೆ ಸವರಿ ಅಂಟಿಸಿದ ಹಪ್ಪಳ. ಆಚೆ ಬದಿಯಲ್ಲಿ ಮರಾಠಿ ಹೆಂಗಸರ ಸಾಬುದಾನೆ ಪಾಪಡ್. ನೀರಿನ ಟ್ಯಾಂಕಿನ ನೆರಳಿನಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಕೂತವರು ನನ್ನ ಅತ್ತೆ.

"ಗಾಜು ಎಷ್ಟು ಚೊಕ್ಕ ಉಂಟು ನೋಡು. ಒಂದೇ ಬಿಸಿಲಿಗೆ ಒಣಗ್ತದೆ. ಬಿಸಿಲು ಬೀಳುವ ಜಾಗವೆಲ್ಲ ಇದಕ್ಕೇ ಹೋಯ್ತಲ್ಲ, ಮತ್ತೆ ಎಲ್ಲಿ ಹಾಕುದು?" ಎಂದರು. "ನಿನ್ನ ಮಾವನಿಗೆ ಹಲಸಿನ ಹಪ್ಪಳ ಅಂದ್ರೆ ಜೀವ ಅಲ್ವಾ."

"ಬಿಸಿಲು ಒಳಗೆ ಹೋಗದಿದ್ರೆ ಕರೆಂಟು ಎಲ್ಲಿಂದ ಬರ್ಬೇಕು, ಅತ್ತೆ?" ಎಂದು ಕಿರುಚಿದೆ.

"ಅಡಿಯಲ್ಲಿ ಬಿಸಿ ಆಗ್ತದಲ್ಲ?" ಎಂದರು. ಆಚೆ ಬಿಲ್ಡಿಂಗಿನಲ್ಲಿ ನೀರು ಕಾಯಿಸುವ ಸೋಲಾರ್ ಇತ್ತು; ಇದೂ ಹಾಗೇ, ಕಾದರೆ ಸಾಕೆಂದು ಬಿಲ್ಡಿಂಗಿನ ಹೆಂಗಸರೆಲ್ಲ ತಿಳಿದಿದ್ದರು. ನಾನು ಬೆಳಗಿನ ಲೋಕಲ್ ಹಿಡಿದು ಹೋದ ಮೇಲೆ ಹರಡಿ, ಬರುವುದರೊಳಗೆ ಎತ್ತುತ್ತಿದ್ದರು. ಯಾರಿಗೂ ಅದರಲ್ಲಿ ಹೇಳುವಂಥದ್ದು ಏನೂ ಕಂಡಿರಲಿಲ್ಲ.

"ಕೆಳಗೆ ಮಾವನ ಮೆಷಿನ್ ನಿಂತಿದೆ, ಇದರಿಂದಲೇ!"

ಅತ್ತೆಯ ಕೈಯಿಂದ ಕೋಲು ಬಿತ್ತು. ಓಡಿಬಂದು ಗಾಜಿಗೆ ಅಂಟಿದ ಹಪ್ಪಳಗಳನ್ನು ಬರಿಗೈಯಲ್ಲಿ ಕೆರೆದು ಕೀಳತೊಡಗಿದರು. ಆ ಗಾಜು ಮುಟ್ಟಲಾಗದಷ್ಟು ಕಾದಿತ್ತು. ಬಿಡಿ, ನಾನು ತೆಗೀತೇನೆ ಎಂದರೂ ಕೇಳಲಿಲ್ಲ. ನಾನು ಬೈಯುತ್ತಲೇ ಪಂಚೆಗಳನ್ನು ಎಳೆದೆ, ಮರಾಠಿ ಪಾಪಡ್‌ಗಳನ್ನೂ ಎಳೆದೆ, ಆಮೇಲೆ ಜಗಳಕ್ಕೆ ಬರಲಿ ಎಂದು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲಿನಿಂದ ಗಂಡನ ಕೂಗು ಕೇಳಿತು, ಮೆಷಿನ್ ಶುರುವಾಯಿತಂತೆ.

ಕೆಳಗೆ ಬಂದೆವು. ಮಾತಾಡುವಷ್ಟು ಉಸಿರು ಬಂದ ಮೇಲೆ ಮಾವನ ಕಣ್ಣು ಅತ್ತೆಯ ಕೆಂಪಾದ ಬೆರಳುಗಳ ಮೇಲೆ ಬಿತ್ತು. "ಕೈಗೆ ಎಂತಾಯ್ತು?"

"ಎಂತ ಇಲ್ಲ. ಹಪ್ಪಳ ಕಾಯಿಸುವಾಗ ಎಣ್ಣೆ ರಟ್ಟಿತು."

"ಹೌದಾ? ಹಾಗಾದ್ರೆ ನಂಗೊಂದು ಕೊಡು."

ಅತ್ತೆ ನನ್ನ ಮುಖ ನೋಡಿದರು. ಬೈಗಳು ನನ್ನ ನಾಲಿಗೆಯ ತುದಿಯಲ್ಲಿ ಇನ್ನೂ ಬೇಕಾದಷ್ಟಿದ್ದವು. ಅಡುಗೆಮನೆಗೆ ಹೋಗಿ, ಹೋದ ವರ್ಷದ ಹಪ್ಪಳದ ಡಬ್ಬಿ ಹುಡುಕಿ, ಗ್ಯಾಸು ಹಚ್ಚಿ ಎಣ್ಣೆ ಇಟ್ಟೆ.