ಮಂದೆ ತಾರದ ಜ್ವರ

ಆ ಮಾತು ಮೊದಲು ಯಾರ ಬಾಯಿಂದ ಬಂತೆಂದು ಈಗ ಖಚಿತವಾಗಿ ಹೇಳಲಾರೆ. ಹಿರಿಯೂರು ಬಳಿಯ ಐಮಂಗಲದ ಚಹಾದಂಗಡಿಯಲ್ಲೋ ಹೊಲದ ಬದುವಿನಲ್ಲೋ ಯಾರೋ, "ಮಲೇರಿಯಾ ಕುರಿ ಮಂದೆ ಜೊತೆಗೇ ಬಂದೈತೆ" ಅಂದರು. ನನ್ನ ನೆನಪಿನಲ್ಲಿ ಎರಡೂ ಜಾಗಗಳಿವೆ. ಆಮೇಲೆ ಊರವರು ಕುರಿ ಮೇಯಿಸಿಕೊಂಡು ಬಂದಿದ್ದ ಕರಿಯಮ್ಮನ ಮಂದೆಗೆ ಹೊಲ ಕೊಡಲೊಲ್ಲೆವೆಂದದ್ದು ಮಾತ್ರ ನಿಜ.

ನಾನು ಮಂಗಳೂರಿನವನು. ಮಲೇರಿಯಾ ಪರೋಪಜೀವಿಗಳ ವಂಶವಾಹಿ ಅಧ್ಯಯನಕ್ಕೆಂದು ಹಿರಿಯೂರಿಗೆ ಬಂದು ಕೋಣೆ ಹಿಡಿದಿದ್ದೆ. ನಮ್ಮಲ್ಲಿ ಮಳೆಗಾಲದ ಬಟ್ಟೆ ಒಣಗುವುದೇ ಇಲ್ಲ. ಇಲ್ಲಿ ಕಾಫಿ ಕುಡಿದು ಏಳುವಷ್ಟರಲ್ಲಿ ಅಂಗಿ ಹಪ್ಪಳ. ಇಂಥ ಒಣನೆಲದಲ್ಲಿ ಸೊಳ್ಳೆಯೇ ಎಂದು ನಕ್ಕಿದ್ದೆ. ಮನೆಮನೆಯ ಸಿಮೆಂಟು ತೊಟ್ಟಿಗಳಲ್ಲಿ ತುಂಬಿಟ್ಟ ನೀರು, ಅದರಲ್ಲಿ ಸೊಳ್ಳೆಮರಿಗಳನ್ನು ನೋಡಿದ ಮೇಲೆ ನಗು ನಿಂತಿತು.

ಇಲ್ಲಿ ಕೊಯ್ಲಾದ ಹೊಲಗಳಲ್ಲಿ ಕುರಿಗಾರರು ಮಂದೆ ನಿಲ್ಲಿಸುತ್ತಾರೆ. ಹಿಕ್ಕೆ ಗೊಬ್ಬರವಾಗುತ್ತದೆ, ಬದಲಿಗೆ ಹೊಲದವರು ಕಾಳು ಕೊಡುತ್ತಾರೆ. ಹೊಲ ಸಿಗದಿದ್ದರೆ ಕರಿಯಮ್ಮನ ಮನೆಗೆ ಕಾಳಿಲ್ಲ.

"ನಾವು ಹೊಸದುರ್ಗ, ಹೊಳಲ್ಕೆರೆ ಬಿಟ್ಟು ಆಚೆ ಹೋಗಿಲ್ಲ ಸಾರ್. ಜ್ವರ ಏನು ಕುರಿ ಬೆನ್ನ ಮೇಲೆ ಕುಂತ್ಕಂಡು ಬರ್ತೈತಾ?" ಎಂದು ಆಕೆ ಕೇಳಿದರು.

ಉತ್ತರ ಹುಡುಕದೆ ಬಿಡಬಾರದೆನಿಸಿತು. ಪರೋಪಜೀವಿಗಳಲ್ಲೂ ನೆಂಟಸ್ತನವಿದೆ, ವಂಶವಾಹಿಗಳನ್ನು ಹೋಲಿಸಿದರೆ ಯಾವುದು ಯಾವ ಊರಿನದಕ್ಕೆ ಹತ್ತಿರವೆಂದು ಗೊತ್ತಾಗುತ್ತದೆ. ಐಮಂಗಲದ ಜ್ವರದವರ ರಕ್ತದಲ್ಲಿದ್ದ ಪರೋಪಜೀವಿಗಳನ್ನು ಬೇರೆ ಬೇರೆ ಊರುಗಳವಕ್ಕೆ ಹೋಲಿಸಿದೆ. ಅವೆಲ್ಲ ಒಂದೇ ಮನೆತನದಂತಿದ್ದವು, ಮಂಗಳೂರಿನವಕ್ಕೆ ಹತ್ತಿರವಿದ್ದವು.

ಜ್ವರ ಬಂದವರಲ್ಲಿ ರೈತ ತಿಪ್ಪೇಸ್ವಾಮಿಯೂ ಒಬ್ಬರು. ಅವರೊಬ್ಬರೇ ಇದ್ದಾಗ ಅವರ ಫಲಿತಾಂಶ ತಿಳಿಸಿ, ಮಂಗಳೂರಿಗೇನಾದರೂ ಹೋಗಿದ್ದಿರಾ ಎಂದು ಕೇಳಿದೆ.

"ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದೆ. ವಾಪಸ್ ಬಂದ ಮೇಲೇ ಜ್ವರ ಹತ್ತಿದ್ದು. ಮಂದೆ ಆಗಿನ್ನೂ ಬಂದಿರ್ಲಿಲ್ಲ." ಬೆರಳಲ್ಲಿ ದಿನ ಎಣಿಸಿ ನೋಡಿ, "ಹಂಗಾದ್ರೆ ನಿಮ್ಮೂರ ಹುಳಾನ ನಾನೇ ಹೊತ್ಕಂಡು ಬಂದೀನಿ ಅನ್ರಿ" ಅಂದರು.

"ನೀವೇ ಅಂತ ಆಣೆ ಮಾಡಿ ಹೇಳಲಾರೆ. ಇನ್ನೊಮ್ಮೆ ಪರೀಕ್ಷೆ ಮಾಡಿಸ್ತೇನೆ."

"ನೀವು ಮಾಡಿಸ್ಕೊಂತ ಇರ್ರಿ. ಅಷ್ಟರೊಳಗೆ ಕುರಿ ಬೇರೆ ಊರಿಗೆ ಹೋಗ್ತಾವೆ. ನಡೀರಿ, ಕರಿಯಮ್ಮನ ಹತ್ರ ಹೋಗಾಣ."

ಅಂದು ಸಂಜೆಯೇ ಮಂದೆ ತಿಪ್ಪೇಸ್ವಾಮಿಯವರ ಹೊಲದಲ್ಲಿ ನಿಂತಿತು. ಕೇಳಿದವರಿಗೆಲ್ಲ ಅವರು, "ಜ್ವರ ನಂದು ಕಣಪ್ಪ, ಕುರೀದಲ್ಲ" ಎನ್ನುತ್ತಿದ್ದರು.

ಈಗ ಮಂಗಳೂರಿಗೆ ಹೋದರೆ ತೇವಕ್ಕೆ ಉಸಿರು ಕಟ್ಟುತ್ತದೆ. ಹಿರಿಯೂರಿಗೆ ಬಂದರೆ ಮೀನಿನ ಸಾರು ನೆನಪಾಗುತ್ತದೆ. ಯಾವುದು ನನ್ನೂರು ಎಂದರೆ ತಡವರಿಸುತ್ತೇನೆ. ಎರಡನೆಯ ಪರೀಕ್ಷೆಯಲ್ಲಿ ಮಾತ್ರ ತಡವರಿಕೆ ಇರಲಿಲ್ಲ: ಐಮಂಗಲದ ಪರೋಪಜೀವಿಯ ಅತಿ ಹತ್ತಿರದ ನೆಂಟರಿರುವುದು ಮಂಗಳೂರಿನಲ್ಲೇ.