ಪೇಂಗ್‌ಸೀ ಮಾರಿದ ಅನ್ನ

ನಮ್ಮ ಬೀದಿಯಲ್ಲಿ ಪೇಂಗ್‌ಸೀಯನ್ನು ಬೈಯದವರಿಲ್ಲ. ಬೈಯುವ ಹಕ್ಕು ಎಲ್ಲರಿಗಿಂತ ಕಡಿಮೆ ಇದ್ದದ್ದು ನನಗೆ, ಎಲ್ಲರಿಗಿಂತ ಜೋರಾಗಿ ಬೈದವಳೂ ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೆ ಮುಂದಿನದನ್ನು ಹೇಳಲು ಧೈರ್ಯ ಬರುತ್ತದೆ.

ಲುವಾಂಗ್ ಪ್ರಬಾಂಗಿನಲ್ಲಿ ಮಠದ ಗೋಡೆಗೆ ಒತ್ತಿಕೊಂಡು ನನ್ನ ಊಟದಂಗಡಿ ಇದೆ. ಪೇಂಗ್‌ಸೀಯದು ಎದುರು ಮನೆ. ನಮ್ಮೂರಿಗೆ ಬರುವ ಪ್ರವಾಸಿಗಳಿಗೆ ಬೆಳಿಗ್ಗೆ ಭಿಕ್ಷುಗಳ ಸಾಲು, ಮಧ್ಯಾಹ್ನ ಜಲಪಾತ, ಸಂಜೆ ಬೆಟ್ಟದ ಮೇಲೆ ನಿಂತು ಮೆಕಾಂಗ್ ನದಿಯಾಚೆ ಸೂರ್ಯ ಮುಳುಗುವುದು. ಅಲ್ಲಿಗೆ ಅವರ ಲಾವೋಸ್ ಮುಗಿಯಿತು. ಭಿಕ್ಷುಗಳು ಬರಿಗಾಲಲ್ಲಿ ನಡೆದುಬರುವುದನ್ನು ಸುಮ್ಮನೆ ನೋಡಿದರೆ ಅವರಿಗೆ ಸಾಲದು, ಕೈಯಾರೆ ಭಿಕ್ಷೆ ನೀಡಬೇಕು, ನೀಡಿದ್ದು ಫೋಟೋದಲ್ಲಿ ಬೀಳಬೇಕು. ಹೋಟೆಲಿನಲ್ಲಿ ಮಲಗಿ ಎದ್ದವರು ಅನ್ನ ಎಲ್ಲಿಂದ ತರಬೇಕು? ಕೂರಲು ಚಾಪೆ, ಹೆಗಲಿಗೊಂದು ಶಲ್ಯ, ಬಿದಿರ ಬುಟ್ಟಿ ತುಂಬ ಅಂಟು ಅನ್ನ, ಎಲ್ಲ ಒದಗಿಸುವವಳು ಪೇಂಗ್‌ಸೀ.

ಅವಳ ತಾಯಿ ಖಾಮ್‌ಸೇನ್ ಮಾತ್ರ ಮಗಳ ಬುಟ್ಟಿಗೆ ಕೈ ಹಾಕಿದವಳಲ್ಲ. ಒಂದು ಹಿಡಿ ಅಕ್ಕಿಯನ್ನು ತಾನೇ ಬೇರೆ ಬೇಯಿಸಿ, ಮಠದ ಬಾಗಿಲಿನ ಎಡಕ್ಕಿರುವ ಮರದ ಕೆಳಗೆ ಮೊಣಕಾಲೂರಿ ಕೂತು ನೀಡುತ್ತಿದ್ದಳು. ನಲವತ್ತು ವರ್ಷ ಆ ಜಾಗದಲ್ಲಿ ಬೇರೆ ಯಾರೂ ಕೂರಲಿಲ್ಲ. ಪೇಂಗ್‌ಸೀಗೆ ನೀಡಲು ಪುರುಸೊತ್ತೇ ಇರಲಿಲ್ಲ. ಆ ಹೊತ್ತಿಗೆ ಅವಳು ಚಾಪೆ ಹಾಸುವುದರಲ್ಲಿ, ಯಾರದೋ ಶಲ್ಯ ಸರಿಮಾಡುವುದರಲ್ಲಿ ಇರುತ್ತಿದ್ದಳು. ನಾನು ಛೇಡಿಸುತ್ತಿದ್ದೆ: "ಊರಿಗೆಲ್ಲ ಪುಣ್ಯ ಹಂಚ್ತೀಯಲ್ಲೇ, ನಿಂಗೊಂದು ಚೂರು ಇಟ್ಕೊಂಡಿದ್ದೀಯೋ ಇಲ್ವೋ?"

"ನಮ್ಮವ್ವ ಇದ್ದಾಳಲ್ಲ, ನಂದೂ ಸೇರಿಸಿ ಇಡ್ತಾಳೆ ಬಿಡಕ್ಕ," ಎಂದು ನಗುತ್ತಿದ್ದಳು.

ಥಾನೋಂಗ್ ಎಂಬ ಪ್ರವಾಸಿಗಳ ಏಜೆಂಟ್ ಬಂದ ಮೇಲೆ ನಗು ಕಡಿಮೆಯಾಯಿತು. ಅವನು ಬಸ್ಸುಗಟ್ಟಲೆ ಜನರನ್ನು ತರುತ್ತಿದ್ದ. ಇಪ್ಪತ್ತು ಬುಟ್ಟಿ ಇದ್ದದ್ದು ಎಂಬತ್ತಾಯಿತು. ಅವಳಿಗಿದ್ದದ್ದು ಒಂದೇ ಒಲೆ, ಎರಡೇ ಕೈ. ಮಳೆಗಾಲದ ನಡುವೆ ಒಂದು ಸಂಜೆ ನನ್ನಂಗಡಿಗೆ ಬಂದು ನಿಂತಳು.

"ಬುವಾಲಾ ಅಕ್ಕ, ದಿನಾ ಮಿಕ್ಕ ಅನ್ನ ಏನ್ಮಾಡ್ತೀಯ?"

"ಹಂದಿಗೆ ಹಾಕ್ತೀನಿ."

"ನಂಗೆ ಕೊಡು."

"ಯಾಕೆ, ನೀನೂ ಹಂದಿ ಕಟ್ಟಿದ್ಯಾ?"

ಅವಳು ನಕ್ಕಳು, ನಾನೂ ನಕ್ಕೆ. ಅಂದಿನಿಂದ ದಿನವೂ ಕೊಟ್ಟೆ. ಹಳೆಯ ಅನ್ನಕ್ಕೆ ಮತ್ತೊಮ್ಮೆ ಹಬೆ ಕೊಟ್ಟರೆ ಹೊಸದರಂತೆಯೇ ಮೆತ್ತಗಾಗುತ್ತದೆ. ಅವಳ ಅಂಗಳದಲ್ಲಿ ಹಂದಿಯಿಲ್ಲ ಎಂಬುದು ನನ್ನ ಕಿಟಕಿಯಿಂದಲೇ ಕಾಣುತ್ತಿತ್ತು.

ಮಳೆಗಾಲ ಮುಗಿಯುವಾಗ ಖಾಮ್‌ಸೇನ್ ತೀರಿಕೊಂಡಳು. ಅದಾಗಿ ಎರಡು ತಿಂಗಳಿಗೆ ಮಠದಲ್ಲಿ ಹನ್ನೊಂದು ಜನ ಭಿಕ್ಷುಗಳಿಗೆ ವಾಂತಿಭೇದಿ ಹಿಡಿಯಿತು. ಒಬ್ಬರನ್ನು ಆಸ್ಪತ್ರೆಗೆ ಸೇರಿಸಿ ಮೂರು ದಿನ ಸೂಜಿ ಚುಚ್ಚಿ ಉಳಿಸಿಕೊಂಡರು. ದೊಡ್ಡ ಗುರುಗಳು ಯಾರ ಹೆಸರನ್ನೂ ಎತ್ತಲಿಲ್ಲ. "ನೀವು ತಿನ್ನೋದನ್ನೇ ನಮಗೂ ನೀಡಿ," ಎಂದು ಮೈಕಿನಲ್ಲಿ ಹೇಳಿದರು, ಅಷ್ಟೇ. ಆದರೆ ಇಡೀ ಬೀದಿ ತಿರುಗಿ ನೋಡಿದ್ದು ಪೇಂಗ್‌ಸೀಯ ಮನೆಯ ಕಡೆಗೆ. ನನ್ನಂಗಡಿಯ ಬೆಂಚಿನ ಮೇಲೆ ದಿನವೂ ಅವಳ ವಿಚಾರಣೆ ನಡೆಯಿತು. "ಭಿಕ್ಷುಗಳ ಹೊಟ್ಟೆಗೆ ಹಳಸಿದ್ದು ಹಾಕಿದ್ಳಲ್ಲ, ಅವಳ ಕೈ ಸೇದಿಹೋಗ!" ಎಂದು ಒಂದು ದಿನ ನಾನು ಶಾಪ ಹಾಕಿದೆ. ಅವಳು ಬಾಗಿಲಲ್ಲಿ ನಿಂತಿದ್ದನ್ನು ಆಮೇಲೆ ನೋಡಿದೆ.

"ಅಕ್ಕ, ನೀನೂನಾ?" ಎಂದಳು.

"ನಾನು ಕೊಟ್ಟಿದ್ದು ಹಂದಿಗೆ," ಎಂದೆ. ಎಲ್ಲರೆದುರಿಗೆ, ಮುಖ ಊದಿಸಿಕೊಂಡು.

ಹಂದಿಗಲ್ಲ ಎಂಬುದು ನನಗೆ ಮೊದಲಿಂದಲೂ ಗೊತ್ತಿತ್ತೆಂದು ಅವಳು ಬಾಯಿಬಿಟ್ಟಿದ್ದರೆ ನನ್ನಂಗಡಿ ಅವತ್ತೇ ಮುಚ್ಚುತ್ತಿತ್ತು. ಬಿಡಲಿಲ್ಲ, ಮನೆಗೆ ಹೋದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೆ ಬೆಳಗಾದರೆ ಮತ್ತದೇ ಬೆಂಚು, ಅದೇ ಮಾತು. ಅವಳೂ ವ್ಯಾಪಾರ ನಿಲ್ಲಿಸಲಿಲ್ಲ. ಚಳಿಗಾಲ ಮುಗಿಯುವವರೆಗೂ ಎಂಬತ್ತು ಬುಟ್ಟಿ ಕೊಡುತ್ತೇನೆಂದು ಥಾನೋಂಗ್‌ಗೆ ಮಾತು ಕೊಟ್ಟಿದ್ದಳು. ಮಿಕ್ಕ ಅನ್ನಕ್ಕೆ ಅವಳು ಈಗ ಹಿತ್ತಿಲ ಬಾಗಿಲಿಗೆ ಬರುತ್ತಿದ್ದಳು, ನಾನೂ ಮಾತಾಡದೆ ಕೊಡುತ್ತಿದ್ದೆ. ನಾಚಿಕೆಗೇಡು, ಇನ್ನೇನು.

ತಾಯಿ ತೀರಿಕೊಂಡ ನೂರನೇ ದಿನಕ್ಕೆ ಎರಡು ದಿನ ಇರುವಾಗ ಪಾತ್ರೆ ಹಿಡಿದು ಬಂದವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ನೂರನೇ ದಿನ ಭಿಕ್ಷುಗಳ ಪಾತ್ರೆಗೆ ಬಿದ್ದ ಅನ್ನ, ಹೆಸರು ಹೇಳಿ ನೆಲಕ್ಕೆ ನೀರು ಬಿಟ್ಟರೆ, ಸತ್ತವರ ಬಾಯಿಗೆ ಸೇರುತ್ತದೆ.

"ಕೊನೇ ಹತ್ತು ದಿನ ಅವ್ವ ಒಂದ್ ತುತ್ತೂ ನುಂಗಲಿಲ್ಲ ಅಕ್ಕ. ಹಸ್ಕೊಂಡೇ ಹೋದ್ಳು. ನನ್ನ ಕೈಯಿಂದ ಕೊಟ್ರೆ ಗುರುಗಳು ತಗೋತಾರಾ?"

"ತಗೊಳ್ದೆ ಏನ್ ಮಾಡ್ತಾರೆ? ಭಿಕ್ಷೆ ಬೇಡ ಅನ್ನೋಕೆ ಅವರಿಗೆಲ್ಲಿ ಬಾಯಿದೆ?" ಎಂದೆ. ಸಮಾಧಾನ ಹೇಳಲು ಹೋಗಿ ಸಿಡುಕಿದ್ದೆ.

"ತಗೊಂಡ್ರೆ ಸಾಕು," ಎಂದು ಪಾತ್ರೆ ಎತ್ತಿಕೊಂಡು ಹೋದಳು.

ನೂರನೇ ದಿನ ಥಾನೋಂಗ್‌ನ ಬುಟ್ಟಿಗಳನ್ನೆಲ್ಲ ಬೇರೆಯವರ ಕೈಗೆ ಒಪ್ಪಿಸಿ, ಹೊಸ ಅಕ್ಕಿ ಬೇಯಿಸಿ, ತಾಯಿಯ ರೇಷ್ಮೆ ಶಲ್ಯ ಹೊದ್ದು ಪೇಂಗ್‌ಸೀ ಮರದ ಕೆಳಕ್ಕೆ ಬಂದಳು. ಅಲ್ಲಿ ಅವಳದೇ ಚಾಪೆಗಳ ಮೇಲೆ ಪ್ರವಾಸಿಗಳು ಕೂತಿದ್ದರು. ಥಾನೋಂಗ್ ಓಡಿಬಂದ.

"ಅಕ್ಕ, ಇವತ್ತು ಜನ ಜಾಸ್ತಿ. ಒಂಚೂರು ಆ ತುದೀಗೆ ಹೋಗು. ಫೋಟೋಗೆ ಅಡ್ಡ ಬರ್ತೀಯ."

ಅವಳು ಜಗಳ ಆಡಲಿಲ್ಲ. ಸಾಲಿನ ಕಟ್ಟಕಡೆಗೆ, ನನ್ನಂಗಡಿಯ ಮುಂದಿನ ಬರಿ ನೆಲದ ಮೇಲೆ ಮೊಣಕಾಲೂರಿದಳು. ಭಿಕ್ಷುಗಳು ಬಂದರು. ಎಂಬತ್ತು ಜನ ಹಿಡಿಹಿಡಿಯಾಗಿ ಹಾಕುವಷ್ಟರಲ್ಲಿ ಪಾತ್ರೆಗಳು ತುಂಬಿ ತುಳುಕುತ್ತಿದ್ದವು. ಅವಳ ಹತ್ತಿರ ಬರುವ ಹೊತ್ತಿಗೆ ದೊಡ್ಡ ಗುರುಗಳು ಮುಚ್ಚಳ ಮುಚ್ಚಿದರು. ಹಿಂದಿನವರೂ ಮುಚ್ಚಿದರು. ಅನ್ನದ ಉಂಡೆ ಹಿಡಿದ ಅವಳ ಕೈ ಚಾಚಿದಂತೆಯೇ ಇತ್ತು, ಕೊನೆಯ ಭಿಕ್ಷುವೂ ದಾಟಿಹೋದರು.

"ನೋಡಿದ್ರಾ, ಗುರುಗಳು ಅವಳ ಅನ್ನ ಮುಟ್ಟಲಿಲ್ಲ," ಎಂದಿತು ಬೆಂಚು.

ಪಾತ್ರೆಯಲ್ಲಿ ಜಾಗವಿರಲಿಲ್ಲ ಎಂದು ನಿಂತಲ್ಲಿಂದಲೇ ನನಗೆ ಕಂಡಿತ್ತು. ಹೇಳಲು ಬಾಯಿ ಬರಲಿಲ್ಲ. ಪೇಂಗ್‌ಸೀ ಎದ್ದು ಮಠದೊಳಗೆ ನಡೆದಳು. ನಾನು ಒಲೆಯ ಮೇಲಿನ ಸಾರನ್ನು ಹಾಗೆಯೇ ಬಿಟ್ಟು ಹಿಂದೆ ಹೋದೆ.

ಊಟದ ಜಗಲಿಯಲ್ಲಿ ಭಿಕ್ಷುಗಳು ತಮ್ಮ ಪಾತ್ರೆಗಳನ್ನು ಒಂದು ದೊಡ್ಡ ಮೊರಕ್ಕೆ ಬರಿದು ಮಾಡುತ್ತಿದ್ದರು.

"ಗುರುಗಳೇ, ನನ್ನ ಅನ್ನ ಬೇಡ ಅಂದ್ರಾ?" ಎಂದು ಕೇಳಿದಳು.

"ಯಾರಮ್ಮ ಬೇಡ ಅಂದಿದ್ದು? ಜಾಗ ಇರಲಿಲ್ಲ," ಎಂದು ದೊಡ್ಡ ಗುರುಗಳು ಮೊರ ತೋರಿಸಿದರು. "ಇದೂ ನಿಂದೇ ಅಲ್ವಾ? ಆ ಕಾಯಿಲೆ ಆದಾಗಿಂದ ನಾವಿದನ್ನ ತಿಂತಿಲ್ಲ. ನದೀಲಿ ಮೀನಿಗೆ ಹಾಕ್ತೀವಿ."

ಚುಚ್ಚುವ ದನಿಯಲ್ಲ ಅದು, ಇದ್ದದ್ದನ್ನು ಇದ್ದಂತೆ ಹೇಳಿದರು. ಖಾಲಿ ಪಾತ್ರೆಯನ್ನು ಒರೆಸಿ ಅವಳ ಮುಂದಿಟ್ಟರು. ಅವಳು ಅನ್ನ ಹಾಕಿದಳು, ನೆಲಕ್ಕೆ ನೀರು ಬಿಟ್ಟು ಅವ್ವನ ಹೆಸರು ಹೇಳಿದಳು. ಗುರುಗಳು ಮಂತ್ರ ಹೇಳಿ, ಅವಳೆದುರಿಗೇ ಒಂದು ತುತ್ತು ತಿಂದರು. ಪೇಂಗ್‌ಸೀ ಅತ್ತಳು. ಇನ್ನು ಎದ್ದು ಹೊರಡುತ್ತಾಳೆ ಅಂದುಕೊಂಡೆ. ಅವಳು ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಅದರಿಂದ ತಿನ್ನತೊಡಗಿದಳು.

"ಬಿಡಮ್ಮ, ಅದನ್ಯಾಕೆ ತಿಂತೀಯ?"

"ಬೇಡ ಅನ್ನಬೇಡಿ ಗುರುಗಳೇ. ಇಷ್ಟು ದಿನ ಮಾರಿದ್ದೀನಿ, ಒಂದು ದಿನಾನೂ ಬಾಯಿಗೆ ಹಾಕ್ಕೊಂಡಿಲ್ಲ."

ಉಂಡೆ ಗಂಟಲಲ್ಲಿ ಸಿಕ್ಕಿ ಕೆಮ್ಮಿದಳು, ಮತ್ತೆ ತಿಂದಳು. ಕಂಬದ ಹಿಂದಿದ್ದ ನನ್ನನ್ನು ಯಾರೂ ಕರೆಯಲಿಲ್ಲ, ಯಾರೂ ನೋಡಲೂ ಇಲ್ಲ. ಸದ್ದಿಲ್ಲದೆ ಹಿಂದಿರುಗಿ ಸಾರು ಕಲಕುತ್ತ ನಿಲ್ಲಬಹುದಿತ್ತು. ಕಾಲು ಅಂಗಡಿಯ ಕಡೆಗೇ ಎಳೆಯಿತು ಎಂಬುದೂ ನಿಜ.

ಹೋಗಿ ಮೊರದ ಈಚೆ ಬದಿಗೆ ಕೂತೆ. ಪೇಂಗ್‌ಸೀ ತಲೆಯೆತ್ತಿ ನೋಡಿದಳು.

"ಗುರುಗಳೇ, ಇದ್ರಲ್ಲಿ ಅರ್ಧ ನಂದು," ಎಂದೆ. ಒಂದು ಹಿಡಿ ತೆಗೆದು ಬಾಯಿಗಿಟ್ಟುಕೊಂಡೆ. ಹುಳಿ ಬಂದಿತ್ತು.