ಉಣ್ಣದ ತಟ್ಟೆ

ಇವತ್ತು ಬೆಳಿಗ್ಗೆ ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಮಗಳ ಮಾರ್ಕ್ಸ್ ಕಾರ್ಡು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಬೆಂಕಿಪೊಟ್ಟಣ, ಉಪ್ಪು, ಅತ್ತೆಯ ಬಿಪಿ ಗುಳಿಗೆ ಡಬ್ಬಿಯಲ್ಲಿಟ್ಟು ಅಟ್ಟಕ್ಕೇರಿಸಿದೆ. ಎಮ್ಮೆಯನ್ನು ದಿಬ್ಬದ ಮೇಲಿನ ಮನೆಯವರ ಕೊಟ್ಟಿಗೆಗೆ ದಾಟಿಸಿದೆ. ಹೊಳೆಗಿಳಿಯುವ ಮೆಟ್ಟಿಲು ಬೆಳಿಗ್ಗೆ ನಾಲ್ಕು ಕಾಣುತ್ತಿತ್ತು, ಮಧ್ಯಾಹ್ನ ಎರಡು. ತಟ್ಟೆ ತೊಳೆಯಲು ಕೂತಾಗ ನನ್ನ ಹೆಬ್ಬೆರಳು ತಾನಾಗಿ ತಟ್ಟೆಯ ನಡುವೆ ಒಮ್ಮೆ ಉಜ್ಜಿ ನೋಡಿತು. ಅದು ನನ್ನ ಅಭ್ಯಾಸವಲ್ಲ, ಅಡುಗೆಯಕ್ಕನದು.

ಅವರ ಬಲಗೈ ಹೆಬ್ಬೆರಳು ಅಗಲ. ಉಗುರು ಯಾವುದೋ ಕಾಲದಲ್ಲಿ ಸುಟ್ಟು, ಹುಣಸೆ ಬೀಜದಷ್ಟು ಕಪ್ಪಗೆ ಉಳಿದಿತ್ತು. ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು. ತವರು ಕಿರವತ್ತಿ, ಹಾಗಾಗಿ ಮಾತು ಧಾರವಾಡದ ಕಡೆ ವಾಲಿದ್ದು. ಉಂಡ ಮಕ್ಕಳು ತಮ್ಮ ತಟ್ಟೆ ತೊಳೆದು, ಗೋಡೆಯ ಹಲಗೆಯ ಮೇಲೆ ಹತ್ತರ ಸಾಲಿನಲ್ಲಿ ಕವುಚಿಡಬೇಕು. ಸಾಲು ನೋಡಿಯೇ ಯಾವ ಮಗು ಉಂಡಿಲ್ಲವೆಂದು ಹೇಳುತ್ತಿದ್ದರು.

ಹೊಳೆ ನಮ್ಮ ಕೇರಿಗೆ ನುಗ್ಗಿದ ವರ್ಷ ಆ ಶಾಲೆಯೇ ಕಾಳಜಿ ಕೇಂದ್ರವಾಯಿತು. ನಾವು ಹನ್ನೊಂದು ಮನೆಯವರು. ಹೆಂಗಸರು, ಮಕ್ಕಳು ಒಂದು ಕೋಣೆ, ಗಂಡಸರು ಇನ್ನೊಂದು. ಶಿರಸಿಯಿಂದ ಟೆಂಪೋದಲ್ಲಿ ಅಕ್ಕಿ, ಹೊದಿಕೆ, ಕಟ್ಟುಗಟ್ಟಲೆ ಕಾಗದದ ತಟ್ಟೆ ಬಂದವು. ಅಡುಗೆಯಕ್ಕ ಕಾಗದದ ತಟ್ಟೆಗಳನ್ನು ಮೂಲೆಗೆ ತಳ್ಳಿ ಶಾಲೆಯ ಸ್ಟೀಲ್ ತಟ್ಟೆಗಳನ್ನೇ ತೆಗೆದರು. ಯಾರಿದ್ದಾರೆ ಯಾರಿಲ್ಲ ಎನ್ನಲು ತಮ್ಮ ಹತ್ತಿರ ಪಟ್ಟಿ ಇದೆಯಲ್ಲ ಎಂದು ಪಂಚಾಯ್ತಿಯವರು ಅಂದರೆ, "ಪಟ್ಟಿ ಊಟ ಮಾಡೂದಿಲ್ರಿ, ಮಂದಿ ಮಾಡ್ತಾರ" ಅಂದುಬಿಟ್ಟರು.

ನನಗೆ ಸಿಟ್ಟು ಬಂದಿತ್ತು. ಮನೆ ಮುಳುಗಿ ಕೂತವರನ್ನು ತಟ್ಟೆ ಲೆಕ್ಕದಲ್ಲಿ ನೋಡುವುದೆಂದರೇನು? "ನಾವೇನು ಒಂದನೇ ಕ್ಲಾಸಿನವ್ರಾ?" ಎಂದೆ.

"ಒಂದನೇತ್ತಾದವ್ರು ಹೇಳಿದ್ದು ಕೇಳ್ತಾರವ್ವಾ. ನಿನಗ ಇನ್ನೂ ದಾಖಲಾತಿನೇ ಆಗಿಲ್ಲ."

ಕೋಣೆಯೆಲ್ಲ ನಕ್ಕಿತು. ಮೂರು ದಿನದಲ್ಲಿ ಕೇಳಿದ ಮೊದಲ ನಗು ಅದು.

ನಮ್ಮ ಮಾವ ಮಾತ್ರ ನಗಲಿಲ್ಲ. ಎರಡನೆಯ ದಿನ ಅಕ್ಕಿ ವಾಸನೆ ಎಂದು ಉಣ್ಣದೆ ಕೂತಿದ್ದರು. ಅಡುಗೆಯಕ್ಕ ಸೌಟು ಹಿಡಿದು ಎದುರಿಗೇ ನಿಂತು ಉಣ್ಣಿಸಿದ್ದರು. ಮಾವನಿಗೆ ಅದು ಅವಮಾನ. ಅದಕ್ಕಿಂತ ದೊಡ್ಡದು ಅವರ ತಲೆಯಲ್ಲಿದ್ದ ಹೋರಿಗರುವಿನ ಚಿಂತೆ. ನೀರು ಅಂಗಳಕ್ಕೆ ಬಂದಾಗ ಎಮ್ಮೆಯನ್ನು ಅವರು ಹೊಡೆದುಕೊಂಡು ಹೊರಟರು, ಹಿಂದಿನ ಕೊಟ್ಟಿಗೆಯ ಕರುವನ್ನು ಬಿಚ್ಚಲು ನಾನು ಓಡಿದ್ದೆ. ಮೂರನೆಯ ದಿನ ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ಎರಡು ಸಲ ಕೇಳಿದರು: "ಕರುವಿನ ಹಗ್ಗ ಬಿಚ್ಚಿದ್ಯಲ್ಲ ನೀನು?" ಬಿಚ್ಚಿದೆ ಎಂದೆ. ಮೊಣಕಾಲ ನೀರಲ್ಲಿ ಓಡಿದ್ದು ನೆನಪಿತ್ತು, ಕೈ ಹಗ್ಗಕ್ಕೆ ತಾಗಿದ್ದೂ ನೆನಪಿತ್ತು. ಗಂಟು ಬಿಚ್ಚಿದ್ದು ನೆನಪಿರಲಿಲ್ಲ.

ಮಧ್ಯಾಹ್ನ ಮಾವ ಊಟದ ಸಾಲಿನಲ್ಲಿ ಕಾಣಲಿಲ್ಲ. ಮತ್ತೆ ಮುನಿಸಿಕೊಂಡು ಗಂಡಸರ ಕೋಣೆಯಲ್ಲಿ ಮಲಗಿರಬೇಕು ಅಂದುಕೊಂಡೆ. ಅಡುಗೆಯಕ್ಕ ಹೋಗಿ ನಾಲ್ಕು ಜನರ ಮುಂದೆ ಮತ್ತೆ ಮಾತಾಡಿಸುವುದು ಬೇಡವೆಂದು, ಒಂದು ಖಾಲಿ ತಟ್ಟೆಯನ್ನು ನೀರಿಗೆ ಅದ್ದಿ ನನ್ನದರ ಪಕ್ಕ ಕವುಚಿಟ್ಟೆ. ಸಾಲು ತುಂಬಿತು.

ಅವರು ಬಂದು ಎಣಿಸಿದರು. ಎಣಿಸಿ ಹೊರಟವರು ತಿರುಗಿ ನಿಂತು ತಟ್ಟೆಗಳನ್ನು ಎತ್ತಿ ನೋಡಿದರು. ತಣ್ಣೀರಲ್ಲಿ ತೊಳೆದ ತಟ್ಟೆಗಳಲ್ಲಿ ಸಾರಿನ ಜಿಡ್ಡು ಉಳಿದು ನೀರು ಹನಿಹನಿಯಾಗಿ ನಿಂತಿರುತ್ತದೆ. ಈ ಒಂದು ತಟ್ಟೆಯಿಂದ ನೀರು ಜಾರಿಹೋಗಿತ್ತು. ಹೆಬ್ಬೆರಳಿಂದ ನಡುವೆ ಉಜ್ಜಿ, ನನ್ನ ಮುಖ ನೋಡಿದರು.

"ಈ ತಾಟು ಉಂಡಿಲ್ಲ. ಯಾರದಿದು?"

ಮಾವನದು, ಗಂಡಸರ ಕೋಣೆಯಲ್ಲಿದ್ದಾರೆ ಎಂದೆ. ಅಡುಗೆಯಕ್ಕನೇ ಹೋಗಿ ನೋಡಿದರು. ಹೆಂಡತಿಯ ಹತ್ತಿರ ಕೂರುತ್ತೇನೆಂದು ಬೆಳಿಗ್ಗೆಯೇ ಎದ್ದುಹೋದರಲ್ಲ ಎಂದರಂತೆ ಗಂಡಸರು. ನನ್ನ ಅತ್ತೆಗೆ ಮಾವ ಗಂಡಸರ ಕೋಣೆಗೆ ಹೋಗುತ್ತೇನೆಂದು ಹೇಳಿದ್ದರು. ಕರುವಿನ ವಿಷಯ ಅಡುಗೆಯಕ್ಕನ ಕಿವಿಯಲ್ಲಿ ಹೇಳಿದೆ.

ಅವರು ಒಂದು ಮಾತೂ ಬೈಯಲಿಲ್ಲ. ನನ್ನ ಗಂಡನನ್ನೂ ಇನ್ನೂ ಮೂವರನ್ನು ಕರೆದು, ಮುದುಕಪ್ಪ ಮನೆ ಕಡೆ ಇಳಿದಾನ, ಹಗ್ಗ ತಗೊಂಡು ನಡೀರಿ ಎಂದರು. ನಾಲ್ವರೂ ಟ್ರಾಕ್ಟರ್ ಟ್ಯೂಬು ಹೊತ್ತು ಓಡಿದರು. ಅಡುಗೆಯಕ್ಕ ದೊಡ್ಡ ಹಂಡೆಗೆ ನೀರು ತುಂಬಿ ಒಲೆ ಹಚ್ಚಿದರು. ನನ್ನ ಮುಂದೆ ಮೊರ ಇಟ್ಟು ಅಕ್ಕಿಯಲ್ಲಿ ಕಲ್ಲು ಆರಿಸಲು ಹೇಳಿದರು. ಕಲ್ಲಿನ ಜೊತೆ ಅಕ್ಕಿಯೂ ಹೊರಗೆ ಬೀಳುತ್ತಿತ್ತು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತವರು ಕೂರಲೇ ಇಲ್ಲ. ಹಂಡೆಯ ನೀರು ಕುದಿಯಿತು, ಆರಿತು, ಮತ್ತೆ ಕುದಿಯಿತು.

"ಬರದಿದ್ರೆ ಎಂತ ಮಾಡೋದು?" ಎಂದೆ.

"ಬಂದ್ರ ಬಿಸಿನೀರು ಬೇಕಾಗ್ತದ. ಅಷ್ಟ ನೋಡು ನೀ."

ಸಂಜೆ ಬೆಳಕಿರುವಾಗಲೇ ಕರೆತಂದರು. ಕೊಟ್ಟಿಗೆಯ ಹಿಂದಿನ ಹಲಸಿನ ಮರದ ಕವಲಲ್ಲಿ, ಎದೆಮಟ್ಟದ ನೀರಿನಲ್ಲಿ ಕೊಂಬೆ ಅಪ್ಪಿಕೊಂಡಿದ್ದರಂತೆ. ಕೂಗಲು ದನಿ ಇರಲಿಲ್ಲ. ಇನ್ನರ್ಧ ಗಂಟೆ ತಡವಾಗಿದ್ದರೆ ಕೈ ಸೋಲುತ್ತಿತ್ತು ಎಂದು ನನ್ನ ಗಂಡ ಆಮೇಲೆ ಹೇಳಿದರು. ಕರು ಸಿಗಲಿಲ್ಲ. ಕೊಟ್ಟಿಗೆ ಪೂರ್ತಿ ಮುಳುಗಿತ್ತು, ಹಗ್ಗ ನೋಡಿದವರಿಲ್ಲ. ನಾನು ಬಿಚ್ಚಿದ್ದೆನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಬಿಸಿನೀರು ಹೊಯ್ದು, ಒಣ ಹೊದಿಕೆ ಹೊದೆಸಿ ಕೂರಿಸಿದ ಮೇಲೆ ಅಡುಗೆಯಕ್ಕ ಹಲಗೆಯಿಂದ ಅದೇ ತಟ್ಟೆ ತೆಗೆದು ಗಂಜಿ ಬಡಿಸಿದರು. ಮಾವ ಪೂರ್ತಿ ಉಂಡರು. ತಟ್ಟೆಯನ್ನು ಅಡುಗೆಯಕ್ಕನೇ ತೊಳೆದು ತಂದು, ಹೆಬ್ಬೆರಳಾಡಿಸಿ, ನನಗೊಬ್ಬಳಿಗೇ ಕೇಳುವಂತೆ "ಈಗ ಉಂಡೈತಿ" ಎಂದು ಕವುಚಿಟ್ಟರು. ಆ ತಟ್ಟೆ ಇಟ್ಟವಳು ನಾನೆಂದು ಯಾರಿಗೂ ಹೇಳಲಿಲ್ಲ. ಕೊನೆತನಕವೂ.

ಅಡುಗೆಯಕ್ಕ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಒಲೆಯ ಮುಂದೆ ಕೂತಲ್ಲೇ ಎದೆನೋವು ಬಂತಂತೆ. ಆವತ್ತು ಅವರ ಮನೆಯ ಅಂಗಳದಲ್ಲಿ ನಿಂತು ಅದನ್ನು ಎಲ್ಲರಿಗೂ ಹೇಳಬೇಕೆಂದಿದ್ದೆ. ಜನ ಬಹಳ ಇದ್ದರು, ಬಾಯಿ ಬರಲಿಲ್ಲ. ಮಾವನಿಗೂ ಇನ್ನೂ ಹೇಳಿಲ್ಲ.

ಇವತ್ತು ಸಂಜೆ ಮತ್ತೊಂದು ಮೆಟ್ಟಿಲು ಮುಳುಗಿದೆ. ರಾತ್ರಿಗೆ ಗಂಜಿ, ಸುಟ್ಟ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ. ಐದು ತಟ್ಟೆ ತೊಳೆದು, ಒಂದೊಂದರ ನಡುವೆಯೂ ಬೆರಳಾಡಿಸಿ ಕವುಚಿಟ್ಟೆ. ಐದೂ ಉಂಡಿದ್ದವು. ಮೊದಲು ಮಲಗಿದವರು ಮಾವ. ಗೊರಕೆ ಕೇಳುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ.